ಗ್ಯಾಸ್ ಕಮ್ಮಿ ಆಗಿದೆ ಎಂದರೆ, ಎಲ್ಲಿ ಹೋಯಿತು ಎಂದು ಕೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ: ಎಸಿ ಸರ್ವಿಸ್

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಎಸಿ ಗ್ಯಾಸಿನ ಬಗ್ಗೆಯೇ ಇವೆ. ಫ್ಯಾನ್ ಕೂಡ ಬೇಡವೆನ್ನುತ್ತಿದ್ದ ಊರುಗಳಲ್ಲಿ ಈಗ ಅಂಗಡಿ, ಕ್ಲಿನಿಕ್, ಹೋಂಸ್ಟೇ ಗೋಡೆಗಳಿಗೆ ಎಸಿ ಬಂದಿದೆ. ಮನೆಯವರೂ ಕೇಳಿದ್ದಾರೆ, ಮೆಕ್ಯಾನಿಕ್‌ಗಳೂ ಕೇಳಿದ್ದಾರೆ.

ಪ್ರತಿ ಮಾರ್ಚ್‌ನಲ್ಲೂ ಎಸಿಗೆ ಗ್ಯಾಸ್ ಹಾಕಿಸುತ್ತೇವೆ. 'ವರ್ಷಕ್ಕೊಮ್ಮೆ ಟಾಪ್‌ಅಪ್ ಬೇಕೇ ಬೇಕು' ಎನ್ನುತ್ತಾರೆ. ನಿಜವೇ? – ಓದುಗರು, ಹಾಸನ

ನಿಜವಲ್ಲ. ಎಸಿ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವುದಿಲ್ಲ. ತಾಮ್ರದ ಪೈಪಿನೊಳಗೆ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಕಾರ್ಖಾನೆಯಲ್ಲಿ ತುಂಬಿದ್ದು 800 ಗ್ರಾಂ ಆದರೆ ಹತ್ತು ವರ್ಷದ ಮೇಲೂ ಹೆಚ್ಚುಕಮ್ಮಿ ಅಷ್ಟೇ ಇರಬೇಕು. ಪ್ರತಿ ವರ್ಷ ಕಮ್ಮಿಯಾಗುತ್ತಿದೆ ಎಂದರೆ ಪ್ರತಿ ವರ್ಷ ಸೋರುತ್ತಿದೆ ಎಂದರ್ಥ. ನೀವು ಸೋರುವ ಕೊಡಕ್ಕೆ ನೀರು ತುಂಬಿಸುತ್ತಿದ್ದೀರಿ.

ಮೊದಲು ಫಿಲ್ಟರ್ ತೊಳೆದು ನೋಡಿ, ಧೂಳು ಕಟ್ಟಿದರೂ ತಂಪು ಕಮ್ಮಿಯಾಗುತ್ತದೆ. ಎರಡಕ್ಕೂ ಒಂದು ವ್ಯತ್ಯಾಸವಿದೆ. ಫಿಲ್ಟರ್ ಕಟ್ಟಿದಾಗ ಇಂಡೋರ್ ಕಾಯಿಲ್ ತುಂಬ ಐಸ್ ಹರಡುತ್ತದೆ, ದಪ್ಪ ಪೈಪಿಗೂ ಬರುತ್ತದೆ. ಗ್ಯಾಸ್ ಕಮ್ಮಿಯಿದ್ದಾಗ ಸಣ್ಣ ಪೈಪಿನ ಜಾಯಿಂಟ್ ಮತ್ತು ಕಾಯಿಲಿನ ಮೊದಲ ಒಂದೆರಡು ಸಾಲಿನಲ್ಲಷ್ಟೇ ಐಸ್ ಕಟ್ಟಿ, ಉಳಿದ ಕಾಯಿಲ್ ಒಣಗಿ ಬೆಚ್ಚಗಿರುತ್ತದೆ. ಎರಡನೆಯದು ಕಂಡರೆ ಲೀಕ್ ಹುಡುಕಿಸಿ. ಹೆಚ್ಚಿನ ಲೀಕ್ ಇರುವುದು ಇಂಡೋರ್, ಔಟ್‌ಡೋರ್ ಎರಡೂ ಕಡೆಯ ನಾಲ್ಕು ಫ್ಲೇರ್ ನಟ್‌ಗಳಲ್ಲಿ (ತಾಮ್ರದ ಪೈಪನ್ನು ಯಂತ್ರಕ್ಕೆ ಬಿಗಿಯುವ ಹಿತ್ತಾಳೆ ನಟ್). ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುವುದರಿಂದ ಲೀಕ್ ಇರುವ ಜಾಗದಲ್ಲಿ ಧೂಳು ಜಿಡ್ಡುಜಿಡ್ಡಾಗಿ ಅಂಟಿಕೊಂಡಿರುತ್ತದೆ. ಬಂದವರ ಕೈಯಲ್ಲಿ ಲೀಕ್ ಪರೀಕ್ಷಿಸಲು ನೈಟ್ರೋಜನ್ ಸಿಲಿಂಡರ್, ಪೈಪಿನೊಳಗಿನ ಗಾಳಿ, ಪಸೆ ಎಳೆಯಲು ವ್ಯಾಕ್ಯೂಮ್ ಪಂಪ್, ಗ್ಯಾಸ್ ತೂಗಲು ತೂಕದ ಮಷಿನ್ ಮೂರೂ ಇದೆಯೇ ನೋಡಿ. ಬರೀ ಒತ್ತಡ ತೋರಿಸುವ ಗೇಜ್ ಮತ್ತು ಗ್ಯಾಸ್ ಸಿಲಿಂಡರ್ ಹಿಡಿದು ಬಂದವರು ಲೀಕ್ ಮುಚ್ಚಲು ಬಂದವರಲ್ಲ.

ಅಂಗಡಿಯ ಹಳೇ ಒಂದೂವರೆ ಟನ್ ಎಸಿ ಆರ್-22 ಗ್ಯಾಸಿನದು. 'ಈಗ ಅದು ನಿಂತುಹೋಗಿದೆ, ಆರ್-32 ಹಾಕೋಣ' ಎನ್ನುತ್ತಾರೆ. ಹಾಕಿಸಬಹುದೇ? – ವ್ಯಾಪಾರಿ, ಅರಸೀಕೆರೆ

ಖಂಡಿತ ಬೇಡ. ಆರ್-22 ಪೂರ್ತಿ ನಿಂತಿಲ್ಲ. ಓಜೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಭಾರತದಲ್ಲಿ 2025ರ ಆರಂಭದಿಂದ ಹೊಸ ಯಂತ್ರಗಳ ತಯಾರಿಕೆಗೆ ಅದನ್ನು ಬಳಸುವಂತಿಲ್ಲ. ಇರುವ ಯಂತ್ರಗಳ ರಿಪೇರಿಗೆ ಸಿಗುತ್ತದೆ. 2030ರ ನಂತರ ಬಹಳ ಬಿಗಿಯಾಗುತ್ತದೆ.

ಆರ್-32 ಏಕೆ ಬೇಡವೆಂದರೆ, ಮೊದಲನೆಯದು ಒತ್ತಡ. ಬಿಸಿಲಿಗೆ ಔಟ್‌ಡೋರ್ ಕಾಯಿಲ್ 50 ಡಿಗ್ರಿ ಮುಟ್ಟಿದಾಗ ಆರ್-22ರ ಒತ್ತಡ ಸುಮಾರು 267 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ), ಆರ್-32ರದು ಸುಮಾರು 440. ನಿಮ್ಮ ಯಂತ್ರದ ಪೈಪು, ಕಾಯಿಲು, ಕಂಪ್ರೆಸರ್ ಯಾವುದೂ ಅಷ್ಟಕ್ಕೆ ಮಾಡಿದ್ದಲ್ಲ. ಎರಡನೆಯದು ಎಣ್ಣೆ. ಆರ್-22 ಕಂಪ್ರೆಸರಿನಲ್ಲಿ ಸಾಮಾನ್ಯವಾಗಿ ಇರುವುದು ಮಿನರಲ್ ಆಯಿಲ್, ಆರ್-32ಕ್ಕೆ ಬೇಕಾದ್ದು ಸಿಂಥೆಟಿಕ್ ಆಯಿಲ್. ಆರ್-32 ಮಿನರಲ್ ಎಣ್ಣೆಯಲ್ಲಿ ಬೆರೆಯುವುದಿಲ್ಲ. ಹೊರಹೋದ ಎಣ್ಣೆ ಕಾಯಿಲಿನಲ್ಲೇ ಉಳಿಯುತ್ತದೆ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಮೂರನೆಯದು ಬೆಂಕಿ: ಆರ್-22 ಉರಿಯುವುದಿಲ್ಲ, ಆರ್-32 ಸ್ವಲ್ಪ ಮಟ್ಟಿಗೆ ಉರಿಯುತ್ತದೆ. ಹಳೇ ಯಂತ್ರದ ರಿಲೇ, ಸ್ವಿಚ್‌ಗಳ ಕಿಡಿಗೆ ತಡೆಯಿಲ್ಲ. ತಪ್ಪಾಗಬಾರದೆಂದೇ ಬಹುಪಾಲು ಆರ್-32, ಆರ್-410ಎ ಯಂತ್ರಗಳ ಸರ್ವಿಸ್ ಪೋರ್ಟನ್ನು (ಗೇಜ್, ಗ್ಯಾಸ್ ಪೈಪ್ ಜೋಡಿಸುವ ಬಾಯಿ) 5/16 ಇಂಚಿಗೆ ಮಾಡಿದ್ದಾರೆ. ಆರ್-22ರದ್ದು 1/4 ಇಂಚು. ಅಡಾಪ್ಟರ್ ಹಾಕಿ ಜೋಡಿಸಿದರೆ ಆ ಕಾವಲನ್ನೇ ದಾಟಿದಂತೆ.

ಆರ್-407ಸಿ ಎಂಬ ಇನ್ನೊಂದು ಮಿಶ್ರಣದ ಒತ್ತಡ ಆರ್-22ಕ್ಕೆ ಹತ್ತಿರವಿದೆ. ಆದರೆ ಅದಕ್ಕೂ ಕಂಪ್ರೆಸರ್ ಇಳಿಸಿ ಎಣ್ಣೆ ಬದಲಿಸಬೇಕು. ಹತ್ತು ವರ್ಷ ದಾಟಿದ ಯಂತ್ರಕ್ಕೆ ಅಷ್ಟು ಖರ್ಚು ನಮ್ಮ ಮಟ್ಟಿಗೆ ದಂಡ. ಲೀಕ್ ಫ್ಲೇರ್ ನಟ್‌ನಲ್ಲಿದ್ದರೆ ಮುಚ್ಚಿಸಿ ಆರ್-22ನ್ನೇ ತುಂಬಿಸಿ. ಕಾಯಿಲೇ ತೂತಾಗಿದ್ದರೆ ಹೊಸ ಎಸಿ ಕೊಳ್ಳಿ.

ಐಟಿಐ ಮುಗಿಸಿ ಕೆಲಸ ಶುರು ಮಾಡಿದ್ದೇನೆ. ಪಂಪ್ ಎಷ್ಟು ಹೊತ್ತು ಓಡಿಸಿದರೂ ವ್ಯಾಕ್ಯೂಮ್ ಮುಳ್ಳು 26ಕ್ಕೇ ನಿಲ್ಲುತ್ತದೆ. ಪುಸ್ತಕದಲ್ಲಿ 30 ಅಂತಿದೆ. ಪಂಪ್ ಕೆಟ್ಟಿದೆಯೇ? – ಚಿಕ್ಕಮಗಳೂರು

ಪಂಪ್ ಸರಿಯಿದೆ, ಊರು ಎತ್ತರದಲ್ಲಿದೆ. ಈ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಪೈಪಿನೊಳಗೆ ಒತ್ತಡ ಎಷ್ಟು ಕಮ್ಮಿ ಎಂಬುದನ್ನು. ಮಂಗಳೂರಿನಲ್ಲಿ, ಸಮುದ್ರಮಟ್ಟದಲ್ಲಿ, ಹೊರಗಿನ ಗಾಳಿಯ ಒತ್ತಡ 29.92 ಇಂಚು ಪಾದರಸ. ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಿನಲ್ಲಿ ಅದು ಹೆಚ್ಚುಕಮ್ಮಿ 26ಕಾಲು ಇಂಚು, ಹಾಸನದಲ್ಲಿ 26ವರೆ ಹತ್ತಿರ. ಹೊರಗೆ ಇರುವುದೇ ಅಷ್ಟಾದ ಮೇಲೆ ಅದಕ್ಕಿಂತ ಕೆಳಗೆ ಎಳೆಯುವುದು ಯಾವ ಪಂಪಿಗೂ ಸಾಧ್ಯವಿಲ್ಲ. ಮುಳ್ಳು 30ಕ್ಕೆ ಬರಲಿ ಎಂದು ಗೇಜಿನ ಸ್ಕ್ರೂ ತಿರುಗಿಸಬೇಡಿ, ಆಮೇಲೆ ಗ್ಯಾಸ್ ಒತ್ತಡದ ಲೆಕ್ಕವೂ ತಪ್ಪುತ್ತದೆ.

ಆದರೆ ಮುಳ್ಳು 26ಕ್ಕೆ ಬಂದ ತಕ್ಷಣ ಕೆಲಸ ಮುಗಿಯಿತು ಎಂದುಕೊಳ್ಳುವುದೂ ತಪ್ಪು. ವ್ಯಾಕ್ಯೂಮ್ ಮಾಡುವುದು ಗಾಳಿ ತೆಗೆಯಲು ಮಾತ್ರವಲ್ಲ, ನೀರಿನ ಪಸೆ ತೆಗೆಯಲು. 20 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 17.5 ಮಿಲಿಮೀಟರ್ ಪಾದರಸ, ಅಂದರೆ ಮುಳ್ಳಿನ ಲೆಕ್ಕದಲ್ಲಿ ಒಂದು ಇಂಚೂ ಇಲ್ಲ. ಪೈಪಿನೊಳಗೆ ನೀರಿನ ಹನಿ ಕೂತಿದ್ದರೂ ಮುಳ್ಳು 'ಎಲ್ಲ ಸರಿ' ಎಂದೇ ಹೇಳುತ್ತದೆ. ಆ ನೀರು ಸಿಂಥೆಟಿಕ್ ಎಣ್ಣೆಯೊಡನೆ ಸೇರಿ ಆಸಿಡ್ ಆಗಿ ಕಂಪ್ರೆಸರಿನ ವೈಂಡಿಂಗ್ ತಿನ್ನುತ್ತದೆ. ಹಾಗಾಗಿ ಮೈಕ್ರಾನ್ ಗೇಜ್ ಕೊಳ್ಳಿ (ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್ ಪಾದರಸದ ಸಾವಿರದಲ್ಲಿ ಒಂದು ಭಾಗ). ಅದು ಎತ್ತರಕ್ಕೆ ಮೋಸಹೋಗುವುದಿಲ್ಲ. 500 ಮೈಕ್ರಾನ್‌ಗೆ ಇಳಿಸಿ, ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, 10 ನಿಮಿಷ ಕಾಯಿರಿ. ಸ್ವಲ್ಪ ಏರಿ ಒಂದೆಡೆ ನಿಂತರೆ ಪಸೆ ಇದೆ, ಪಂಪ್ ಮತ್ತೆ ಓಡಿಸಿ. ನಿಲ್ಲದೆ ಏರುತ್ತಲೇ ಹೋದರೆ ಲೀಕ್ ಇದೆ. ಮೈಕ್ರಾನ್ ಗೇಜ್ ಬರುವ ತನಕ, ಮುಳ್ಳು ನಿಂತ ಮೇಲೂ ಕನಿಷ್ಠ ಅರ್ಧ ಗಂಟೆ ಓಡಿಸಿ. ಮಳೆಗಾಲದ ಚಳಿಯಲ್ಲಿ ನೀರು ನಿಧಾನಕ್ಕೆ ಆವಿಯಾಗುತ್ತದೆ, ಇನ್ನೂ ಹೆಚ್ಚು ಹೊತ್ತು ಬೇಕು. ಪಂಪಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ.

ಜೊತೆಗೊಂದು ಮಾತು. ಲೀಕ್ ನೋಡಲು ನೈಟ್ರೋಜನ್ ತುಂಬಿ ರಾತ್ರಿಯಿಡೀ ಬಿಡುವವರು ಬೆಳಿಗ್ಗೆ ಒತ್ತಡ ಇಳಿದಿದ್ದನ್ನು ಕಂಡು ಗಾಬರಿಯಾಗುತ್ತಾರೆ. 30 ಡಿಗ್ರಿಯಲ್ಲಿ 400 ಪಿಎಸ್‌ಐ ಹಿಡಿಸಿದ್ದು 20 ಡಿಗ್ರಿಗೆ ತಣ್ಣಗಾದರೆ ಲೀಕ್ ಇಲ್ಲದೆಯೇ ಸುಮಾರು 14 ಪಿಎಸ್‌ಐ ಇಳಿಯುತ್ತದೆ. ನಿಮ್ಮೂರಲ್ಲಿ ರಾತ್ರಿ ಅಷ್ಟು ತಣ್ಣಗಾಗುವುದು ಹೊಸತೇನಲ್ಲ. ನೈಟ್ರೋಜನ್ ಬದಲು ಆಕ್ಸಿಜನ್ ಮಾತ್ರ ಯಾವತ್ತೂ ಬೇಡ, ಎಣ್ಣೆಯ ಜೊತೆ ಸೇರಿ ಸಿಡಿಯುತ್ತದೆ.

ಜುಲೈನಲ್ಲಿ ಗೇಜ್ ನೋಡಿ ಸರಿಯಾಗಿ ಗ್ಯಾಸ್ ತುಂಬಿಸಿದ್ದರು. ಏಪ್ರಿಲ್‌ನಲ್ಲಿ ಮಧ್ಯಾಹ್ನವಾದರೆ ಎಸಿ ತಾನೇ ಆಫ್ ಆಗುತ್ತದೆ. – ಸಕಲೇಶಪುರ

ಗ್ಯಾಸ್ ಜಾಸ್ತಿಯಾಗಿದೆ. ಮಳೆಯಲ್ಲಿ ಹೊರಗೆ 20 ಡಿಗ್ರಿ ಇರುವಾಗ ಗೇಜಿನ ಒತ್ತಡ ಸಹಜವಾಗಿಯೇ ಕಮ್ಮಿ. ಬೇಸಿಗೆಯ ಅಂಕಿ ಬರಲಿ ಎಂದು ತುಂಬುತ್ತ ಹೋದರೆ ಬೇಸಿಗೆ ಬಂದಾಗ ಔಟ್‌ಡೋರ್ ತಡೆಯುವುದಿಲ್ಲ. ಇನ್ವರ್ಟರ್ ಯಂತ್ರದಲ್ಲಂತೂ ಕಂಪ್ರೆಸರಿನ ವೇಗ ಬದಲಾದಂತೆ ಒತ್ತಡವೂ ಬದಲಾಗುತ್ತದೆ. ಅಲ್ಲಿ ಗೇಜ್ ನೋಡಿ ತುಂಬುವುದೆಂದರೆ ಕುರುಡು ಲೆಕ್ಕ. ಗ್ಯಾಸನ್ನು ಪೂರ್ತಿ ತೆಗೆಸಿ, ವ್ಯಾಕ್ಯೂಮ್ ಮಾಡಿಸಿ, ಔಟ್‌ಡೋರ್ ಪ್ಲೇಟಿನಲ್ಲಿ ಬರೆದಿರುವಷ್ಟು ಗ್ರಾಂ ತೂಗಿ ಹಾಕಿಸಿ. ಪೈಪ್ ಉದ್ದವಾಗಿದ್ದರೆ ಮೀಟರಿಗೆ ಎಷ್ಟು ಗ್ರಾಂ ಹೆಚ್ಚು ಎಂಬುದು ಯಂತ್ರದ ಪುಸ್ತಕದಲ್ಲಿರುತ್ತದೆ, ಸಣ್ಣ ಆರ್-32 ಯಂತ್ರಗಳಲ್ಲಿ ಸಾಮಾನ್ಯವಾಗಿ 20 ಗ್ರಾಂ ಆಸುಪಾಸು.

ಹೋಂಸ್ಟೇ ಕೋಣೆಗಳಿಗೆ ಎಸಿ ಹಾಕಿಸಬೇಕು. ಆರ್-32, ಆರ್-290 ಎರಡೂ ಬೆಂಕಿ ಹಿಡಿಯುತ್ತವಂತೆ. ಭಯ ಬೇಕೇ? – ಮೂಡಿಗೆರೆ

ಭಯ ಬೇಡ, ಲೆಕ್ಕ ಬೇಕು. 10 ಅಡಿಗೆ 12 ಅಡಿ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನಮೀಟರ್ ಗಾಳಿ ಇರುತ್ತದೆ. ಆರ್-32 ಉರಿಯಲು ಘನಮೀಟರಿಗೆ ಸುಮಾರು 307 ಗ್ರಾಂ ಬೇಕು, ಅಂದರೆ ಇಡೀ ಕೋಣೆಗೆ ಹತ್ತು ಕಿಲೋಗಿಂತ ಹೆಚ್ಚು. ಒಂದು ಟನ್ ಯಂತ್ರದಲ್ಲಿರುವುದು ಮುಕ್ಕಾಲು ಕಿಲೋ ಒಳಗೆ. ಆರ್-290 ಎಂದರೆ ಶುದ್ಧ ಪ್ರೊಪೇನ್, ಅದಕ್ಕೆ ಘನಮೀಟರಿಗೆ 38 ಗ್ರಾಂ ಸಾಕು. ಕೋಣೆಗೆ 1.3 ಕಿಲೋ ಆಯಿತು. ಯಂತ್ರದಲ್ಲಿ 300 ಗ್ರಾಂ ಇದ್ದರೂ ಅಂತರ ಅಷ್ಟು ದೊಡ್ಡದಲ್ಲ. ಎರಡೂ ಗಾಳಿಗಿಂತ ಭಾರ, ನೆಲದ ಬಳಿ ಕೂರುತ್ತವೆ. ಹಾಗಾಗಿಯೇ ಇಂತಿಷ್ಟು ಚದರ ಮೀಟರಿಗಿಂತ ಸಣ್ಣ ಕೋಣೆಗೆ ಹಾಕಬಾರದು ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ, ಅದನ್ನು ಮೀರಬೇಡಿ.

ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಆರ್-290 ಎಲ್ಲಕ್ಕಿಂತ ಒಳ್ಳೆಯದು. ಕಾರ್ಬನ್ ಡೈಆಕ್ಸೈಡ್ ಒಂದು ಎಂದರೆ ಅದು ಸುಮಾರು 3, ಆರ್-32 675, ಆರ್-22 1,810, ಆರ್-410ಎ 2,088. ಆದರೆ ಆರ್-290 ಸರ್ವಿಸ್ ಕಲಿತವರು ಹತ್ತಿರದಲ್ಲಿದ್ದರೆ ಮಾತ್ರ ಕೊಳ್ಳಿ. ಇಲ್ಲವಾದರೆ ಆರ್-32 ಸಾಕು. ಯಾವುದೇ ಇರಲಿ, ಗ್ಯಾಸ್ ಒಳಗಿರುವಾಗ ಬ್ರೇಜಿಂಗ್ ಟಾರ್ಚ್ (ಪೈಪ್ ಬೆಸೆಯುವ ಬೆಂಕಿ) ಹಚ್ಚಲು ಬಿಡಬೇಡಿ. ಆರ್-32 ಉರಿದರೆ ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ.

ಔಟ್‌ಡೋರಿನ ಹಿತ್ತಾಳೆ ನಟ್ ಎರಡು ಸಲ ಉದ್ದಕ್ಕೆ ಸೀಳಿತು. ನಟ್ ಕಂಪನಿಯದೇ. – ಕಡೂರು

ಔಟ್‌ಡೋರ್ ಕೊಟ್ಟಿಗೆಯ ಪಕ್ಕದಲ್ಲಿದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ, ಉತ್ತರ ಅಲ್ಲೇ ಇದೆ. ಗಂಜಲದಿಂದ ಬರುವ ಅಮೋನಿಯ ಬಿಗಿದ ಹಿತ್ತಾಳೆಯನ್ನು ಸೀಳಿಸುತ್ತದೆ. ಹೆಚ್ಚು ಬಿಗಿದಷ್ಟೂ ಬೇಗ ಸೀಳುತ್ತದೆ. ಕೋಳಿ ಫಾರಂ ಪಕ್ಕವೂ ಇದೇ ಕತೆ. ಯಂತ್ರವನ್ನು ಗಾಳಿ ಬರುವ ಬೇರೆ ಗೋಡೆಗೆ ಸರಿಸಿ. ನಟ್ಟನ್ನು ಬಿಗಿಯುವ ಬಲ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿಸಿ: 1/4 ಇಂಚಿನ ಪೈಪಿಗೆ ಸುಮಾರು 16 ನ್ಯೂಟನ್-ಮೀಟರ್, 1/2 ಇಂಚಿಗೆ 50ರಿಂದ 60.

ಮನೆ ಬದಲಿಸುತ್ತಿದ್ದೇವೆ. ಗ್ಯಾಸ್ ಬಿಡದೆ ಎಸಿ ಬಿಚ್ಚಬಹುದೇ? – ಹೊಳೆನರಸೀಪುರ

ಬಿಚ್ಚಬಹುದು, ಪಂಪ್‌ಡೌನ್ ಎನ್ನುತ್ತಾರೆ. ಕೂಲಿಂಗ್‌ನಲ್ಲಿ ಹತ್ತು ನಿಮಿಷ ಓಡಿಸಿ, ದಪ್ಪ ಪೈಪಿನ ಪೋರ್ಟಿಗೆ ಗೇಜ್ ಹಾಕಿ, ಸಣ್ಣ ಪೈಪಿನ ವಾಲ್ವನ್ನು ಅಲನ್ ಕೀಯಿಂದ ಮುಚ್ಚಬೇಕು. ಗ್ಯಾಸೆಲ್ಲ ಔಟ್‌ಡೋರಿಗೆ ಸೇರಿ ಮುಳ್ಳು 5 ಪಿಎಸ್‌ಐಗೆ ಇಳಿದ ಕೂಡಲೇ ದಪ್ಪ ವಾಲ್ವ್ ಮುಚ್ಚಿ ಸ್ವಿಚ್ ಆಫ್. ಸೊನ್ನೆಯ ಕೆಳಗೆ ಎಳೆಯಬಾರದು. ಮೂರು ನಿಮಿಷದಲ್ಲಿ ಇಳಿಯದಿದ್ದರೆ ನಿಲ್ಲಿಸಿ, ವಾಲ್ವ್ ಸರಿಯಾಗಿ ಮುಚ್ಚಿಲ್ಲ. ಇದರಲ್ಲಿ ಪ್ರಾಣಾಪಾಯವಿದೆ: ಲೀಕ್ ಇರುವ ಯಂತ್ರವನ್ನು ಹೀಗೆ ಎಳೆದರೆ, ಅಥವಾ ಕಂಪ್ರೆಸರ್ ಓಡುವಾಗಲೇ ನಟ್ ಸಡಿಲಿಸಿದರೆ, ಗಾಳಿ ಒಳಹೋಗಿ ಎಣ್ಣೆಯೊಡನೆ ಡೀಸೆಲ್ ಎಂಜಿನಿನ ಹಾಗೆ ಹೊತ್ತಿಕೊಂಡು ಕಂಪ್ರೆಸರ್ ಸಿಡಿಯಬಹುದು. ಲೀಕ್ ಇದ್ದರೆ ಗ್ಯಾಸನ್ನು ಬೇರೆ ಸಿಲಿಂಡರಿಗೆ ಎಳೆದುಕೊಳ್ಳುವ ರಿಕವರಿ ಮಷಿನ್‌ನಿಂದಲೇ ತೆಗೆಸಿ.

ಕಾರಿನ ಎಸಿಗೆ ಎಷ್ಟು ಕ್ಯಾನ್ ಗ್ಯಾಸ್ ಹಿಡಿಯುತ್ತದೆ? – ಬೇಲೂರು

ಕ್ಯಾನಿನ ಲೆಕ್ಕ ಬೇಡ. ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಗ್ಯಾಸಿನ ಹೆಸರು, ಗ್ರಾಂ ಎರಡೂ ಇರುತ್ತದೆ. ಬಹಳಷ್ಟು ಕಾರುಗಳಲ್ಲಿ ಆರ್-134ಎ, 350ರಿಂದ 600 ಗ್ರಾಂ. ಎಸಿಗೆ ಅಡುಗೆ ಗ್ಯಾಸ್ ತುಂಬಿಸುವವರ ಹತ್ತಿರ ಹೋಗಲೇಬೇಡಿ.

ಅಗ್ಗದ ಸಿಲಿಂಡರಿನಲ್ಲಿ ಕಲಬೆರಕೆ ಇರುತ್ತದಂತೆ. ಪರೀಕ್ಷಿಸುವುದು ಹೇಗೆ? – ಮೆಕ್ಯಾನಿಕ್, ಹಾಸನ

ಸಿಲಿಂಡರನ್ನು ರಾತ್ರಿಯಿಡೀ ನೆರಳಲ್ಲಿಡಿ. ಬೆಳಿಗ್ಗೆ ಥರ್ಮಾಮೀಟರನ್ನು ಸಿಲಿಂಡರಿನ ಮೈಗೆ ತಾಗಿಸಿ ಉಷ್ಣತೆ ನೋಡಿ, ಗೇಜ್ ಹಾಕಿ ಒತ್ತಡ ನೋಡಿ. 25 ಡಿಗ್ರಿಯಲ್ಲಿ ಆರ್-134ಎ 82 ಪಿಎಸ್‌ಐ, ಆರ್-22 137, ಆರ್-410ಎ ಸುಮಾರು 225, ಆರ್-32 ಸುಮಾರು 230 ಇರಬೇಕು. ನಮ್ಮ ಎತ್ತರಕ್ಕೆ ಗೇಜ್ ಎರಡು ಪಿಎಸ್‌ಐ ಹೆಚ್ಚು ತೋರಿಸುವುದು ಸರಿಯೇ. ಅದಕ್ಕಿಂತ ಏಳೆಂಟು ಹೆಚ್ಚಿದ್ದರೆ ಗಾಳಿ ಅಥವಾ ಬೇರೆ ಗ್ಯಾಸ್ ಸೇರಿದೆ.

ಒತ್ತಡ ಸರಿಯಿದ್ದ ಮಾತ್ರಕ್ಕೆ ಶುದ್ಧ ಎಂದೂ ಅಲ್ಲ. ಆರ್-134ಎ ಹೆಸರಲ್ಲಿ ಬರುವ ಕೆಲವು ಕಲಬೆರಕೆಯಲ್ಲಿ ಆರ್-40, ಅಂದರೆ ಮೀಥೈಲ್ ಕ್ಲೋರೈಡ್ ಇರುತ್ತದೆ. ಬೇರೆ ಗ್ಯಾಸುಗಳ ಜೊತೆ ಬೆರೆಸಿ ಒತ್ತಡವನ್ನು ಹೊಂದಿಸಿರುತ್ತಾರೆ. ಅದು ಅಲ್ಯೂಮಿನಿಯಂ ಜೊತೆ ಸೇರಿದರೆ, ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುವ ವಸ್ತು ಹುಟ್ಟುತ್ತದೆ. 2011ರಲ್ಲಿ ಹಡಗಿನ ಶೈತ್ಯ ಕಂಟೇನರುಗಳು ಹೀಗೇ ಸಿಡಿದು ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ರಿಪೇರಿ ಮಾಡುತ್ತಿದ್ದವರು ಸತ್ತರು. ಸೀಲ್ ಒಡೆಯದ, ಬ್ಯಾಚ್ ನಂಬರ್ ಇರುವ ಸಿಲಿಂಡರನ್ನು ಬಿಲ್ ಸಮೇತ ಕೊಳ್ಳಿ. ಒಮ್ಮೆ ಬಳಸಿ ಬಿಸಾಡುವ ಸಿಲಿಂಡರಿಗೆ ಮತ್ತೆ ತುಂಬಿಸಿ ಮಾರುವವರಿಂದ ಏನನ್ನೂ ಕೊಳ್ಳಬೇಡಿ. ಅನುಮಾನ ಬಂದ ಸಿಲಿಂಡರನ್ನು ಯಾರ ಯಂತ್ರಕ್ಕೂ ಜೋಡಿಸದೆ, ಮೇಲೆ 'ಬಳಸಬಾರದು' ಎಂದು ಬರೆದು, ಬಿಲ್ ಹಿಡಿದು ಕೊಟ್ಟವರಿಗೇ ವಾಪಸ್ ಮಾಡಿ.