ಎಳೆ ತೆಂಗಿನ ಸುಳಿ ಕೊರೆಯುವ ಈ ದುಂಬಿ ವಿದೇಶದ್ದೇ? ಯಾವ ಔಷಧಿ ಹೊಡೆಯಬೇಕು?

ಗುಬ್ಬಿ ಕಡೆಯ ತೋಟ, ಐದು ವರ್ಷದ ಗಿಡ, ಕತ್ತರಿ ಹಾಕಿದ ಹಾಗೆ ಗರಿ, ಸುಳಿಯ ಬುಡದಲ್ಲಿ ಅಗಿದು ಉಗಿದ ನಾರು. ನೀವು ಬರೆದಿದ್ದು ಓದುತ್ತಿದ್ದ ಹಾಗೇ ತುರುವೇಕೆರೆ ಸೀಮೆಯ ನಮ್ಮ ಎರಡೆಕರೆ ಕಣ್ಣ ಮುಂದೆ ಬಂತು. ಆರು ವರ್ಷದ ಹಿಂದೆ ನಮ್ಮಲ್ಲೂ ಇದೇ ಆಗಿತ್ತು. ಆ ದುಂಬಿಯಿಂದ ನಮ್ಮದೊಂದು ಗಿಡವೂ ಸಾಯಲಿಲ್ಲ. ದುಂಬಿ ತೆಗೆದ ಮೇಲೆ ಹದಿನಾಲ್ಕು ಗಿಡ ಸತ್ತವು. ತಪ್ಪು ನನ್ನದೇ.

ಮೊದಲು ಆ ವಿದೇಶದ ಮಾತು ಮುಗಿಸಿಬಿಡೋಣ. ಕಾಫಿ ಹಣ್ಣು ಕೊರೆಯೋ ಬೆರ್ರಿ ಬೋರರ್ ಹುಳ ಆಫ್ರಿಕಾ ಮೂಲದ್ದು, ನಮ್ಮ ದೇಶದಲ್ಲಿ 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ ಮೊದಲು ಕಂಡಿದ್ದು. ಅದರ ಸುದ್ದಿ ಓದಿ ಇದೂ ಅಂಥದ್ದೇ ಇರಬೇಕು ಅಂದುಕೊಂಡಿದ್ದೀರಿ. ಅಲ್ಲ. ನೀವು ಹೇಳ್ತಿರೋ ಕೊಂಬಿನ ಕಪ್ಪು ದುಂಬಿ ಕುರುವಾಯಿ, ನಮ್ಮ ಕಡೆಯದ್ದೇ. ಇದರದ್ದು ಉಲ್ಟಾ ಕಥೆ: 1909ರಲ್ಲಿ ಸಿಲೋನಿನ ರಬ್ಬರ್ ಸಸಿಗಳ ಜೊತೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಕ್ಕೆ ಹೋಯಿತು, 2007ರಲ್ಲಿ ಗುವಾಮ್, 2013ರಲ್ಲಿ ಹವಾಯಿ. ವಿದೇಶಿ ಹುಳ ಅಂತ ಬೈಯೋ ಹಕ್ಕು ಅಲ್ಲಿಯವರಿಗಿದೆ. ನಿಮ್ಮ ತೋಟಕ್ಕೆ ಅದು ಬಂದಿರೋದು ನಿಮ್ಮ ತಿಪ್ಪೆಯಿಂದ, ಇಲ್ಲವೇ ಪಕ್ಕದವರ ತಿಪ್ಪೆಯಿಂದ.

ಯಾವ ಔಷಧಿ ಹೊಡೆಯಬೇಕು ಅನ್ನೋ ಪ್ರಶ್ನೆಯೂ ಸರಿಯಿಲ್ಲ. ದುಂಬಿ ಹಾರೋದು ರಾತ್ರಿ. ಹಗಲಲ್ಲಿ ಅದು ಸುಳಿಯೊಳಗೆ ಗೇಣುದ್ದ ಕೊರೆದು ಕೂತಿರುತ್ತೆ. ನೀವು ಕ್ಯಾನ್ ಹೊತ್ತು ಹೊಡೆದದ್ದು ಗರಿ ತೋಯಿಸಿ ಕೆಳಗಿಳಿಯುತ್ತೆ, ದುಂಬಿಗೆ ತಾಗೋದೇ ಇಲ್ಲ. ಇನ್ನೊಂದು, ಬಿಚ್ಚಿದ ಗರಿ ನೋಡಿ ದುಂಬಿ ಹುಡುಕಬೇಡಿ. ಗರಿ ಇನ್ನೂ ಸುಳಿಯಲ್ಲಿ ಮಡಚಿಕೊಂಡಿದ್ದಾಗ ಅಡ್ಡಕ್ಕೆ ಕೊರೆದಿದ್ದು, ಬಿಚ್ಚಿಕೊಂಡ ಮೇಲೆ ಬೀಸಣಿಗೆ ಕತ್ತರಿಸಿದ ಹಾಗೆ ಕಾಣುತ್ತೆ. ತಿಂಗಳಿಗೆ ಹೆಚ್ಚುಕಮ್ಮಿ ಒಂದು ಗರಿ ಬಿಚ್ಚುತ್ತೆ. ಮೂರನೇ ಗರಿ ತುಂಡಾಗಿದ್ದರೆ ಆ ಏಟು ಬಿದ್ದು ಎರಡು ಮೂರು ತಿಂಗಳಾಗಿದೆ, ಆ ದುಂಬಿ ಜಾಗ ಖಾಲಿ ಮಾಡಿ ಎಷ್ಟೋ ದಿನ ಆಗಿರುತ್ತೆ. ನೋಡಬೇಕಾದ್ದು ಬಿಚ್ಚದ ಸುಳಿಯ ಬುಡ. ಅಲ್ಲಿ ನಾರು ಹಸಿಯಾಗಿ, ಮುಟ್ಟಿದರೆ ಬೆರಳು ಒದ್ದೆಯಾದರೆ ಒಳಗೆ ದುಂಬಿ ಇದೆ. ಒಣಗಿ ಉದುರಿದರೆ ಇಲ್ಲ.

ಇಷ್ಟೆಲ್ಲ ನನಗೆ ಆಗಲೂ ಗೊತ್ತಿತ್ತು. ಒಂದೂವರೆ ಅಡಿ ಕಬ್ಬಿಣದ ಕಡ್ಡಿ, ತುದಿಯನ್ನು ಮೀನಿನ ಗಾಳದ ಹಾಗೆ ಬಗ್ಗಿಸಿ ಮುಳ್ಳು ತೆಗೆಸಿಕೊಂಡಿದ್ದೆ. ತೂತಿನ ದಾರಿಯಲ್ಲೇ ಮೆಲ್ಲಗೆ ಬಿಟ್ಟು, ಗಟ್ಟಿಯಾಗಿ ಏನೋ ತಾಗಿದಾಗ ತಿರುಗಿಸಿ ಎಳೆದರೆ ಚುಚ್ಚಿಕೊಂಡು ಬರುತ್ತೆ. ಜೋರಾಗಿ ಆಡಿಸಿದರೆ ಒಳಗಿನ ಎಳೆ ಮೊಳಕೆಗೇ ಗಾಯ. ಒಂದೇ ವಾರದಲ್ಲಿ ಮೂವತ್ತರ ಮೇಲೆ ದುಂಬಿ ಎಳೆದು ಬಾಟಲಿಗೆ ಹಾಕಿ ಊರಿಗೆಲ್ಲ ತೋರಿಸಿದೆ. ತೂತುಗಳನ್ನು ಹಾಗೇ ಬಿಟ್ಟೆ.

ಮಾಡಿದ ತಪ್ಪು ಇದೊಂದೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ದುಂಬಿ ಒಳಗಿದ್ದಾಗ ತೂತಿನ ಬಾಯಿಗೆ ನಾರಿನ ಬಿರಡೆ ಇರುತ್ತೆ. ಕೊಕ್ಕೆ ಹಾಕಿದ ನಾನು ಆ ಬಿರಡೆಯನ್ನೂ ಕಿತ್ತೆ. ಹಸಿ ಗಾಯದಿಂದ ರಸ ಒಸರಿ, ಒಂದೆರಡು ದಿನದಲ್ಲಿ ಹುಳಿ ಬಂದು, ಹೆಂಡದ ವಾಸನೆ ಹೊಡೆಯುತ್ತೆ. ಆ ವಾಸನೆಗೆ ಬರೋದು ಕುರುವಾಯಿ ಅಲ್ಲ, ಕೆಂಪು ಮೂತಿ ಹುಳ. ಗಟ್ಟಿ ಗಿಡವನ್ನು ತಾನೇ ಕೊರೆಯೋ ತಾಕತ್ತು ಅದಕ್ಕೆ ಸಾಲದು, ಹೆಚ್ಚಾಗಿ ಗಾಯ ಸಿಕ್ಕ ಕಡೆಯೇ ಮೂತಿಯಲ್ಲಿ ಸಣ್ಣ ಸಣ್ಣ ಗುಳಿ ಮಾಡಿ ಮೊಟ್ಟೆ ಇಡುತ್ತೆ. ಕುರುವಾಯಿಯಲ್ಲಿ ಗಿಡ ತಿನ್ನೋದು ದುಂಬಿ, ಮರಿಹುಳ ಗೊಬ್ಬರ ತಿಂದುಕೊಂಡಿರುತ್ತೆ. ಕೆಂಪು ಮೂತಿಯಲ್ಲಿ ಮರಿಹುಳವೇ ಗಿಡದೊಳಗಿದ್ದು ತಿರುಳು ತಿನ್ನುತ್ತೆ. ತಿಂಗಳುಗಟ್ಟಲೆ ಹೊರಗಿನಿಂದ ಏನೂ ಗೊತ್ತಾಗಲ್ಲ. ಗಿಡ ಚೇತರಿಸಿಕೊಳ್ತಿದೆ ಅಂತ ನಾನು ನೀರು, ಗೊಬ್ಬರ ಜಾಸ್ತಿ ಕೊಟ್ಟೆ. ದೀಪಾವಳಿ ಹೊತ್ತಿಗೆ ಒಂದು ಗಿಡದ ಸುಳಿ ವಾಲಿತು. ಹಿಡಿದು ಎಳೆದರೆ ಮೂಲಂಗಿ ಕಿತ್ತ ಹಾಗೆ ಕೈಗೇ ಬಂತು. ಬುಡ ಪೂರ್ತಿ ಕೊಳೆತು, ಕಾಲಿಲ್ಲದ ದಪ್ಪ ಬಿಳಿ ಹುಳ ಮಿಜಿಮಿಜಿ ಅಂತಿದ್ದವು.

ಕೊಕ್ಕೆ ಜೊತೆಗೆ ಹಿಂಡಿ-ಮರಳಿನ ಬಕೆಟ್ ಇಟ್ಟುಕೊಂಡಿದ್ದರೆ ಇಷ್ಟು ಆಗ್ತಿರಲಿಲ್ಲ. ಗಿಡಕ್ಕೆ ಕಾಲು ಕೆ.ಜಿ. ಬೇವಿನ ಹಿಂಡಿ ಪುಡಿ, ಅಷ್ಟೇ ಸಣ್ಣ ಮರಳು. ದುಂಬಿ ಎಳೆದ ಕೂಡಲೇ ತೂತಿಗೆ ಒತ್ತಿ ತುಂಬಿ, ಉಳಿದದ್ದನ್ನು ಸುಳಿ ಸುತ್ತಲಿನ ಮೇಲಿನ ಮೂರು ಗರಿಗಳ ಸಂದಿಗೆ ಹಾಕಿ. ದುಂಬಿ ಇರಲಿ ಬಿಡಲಿ, ಮೇ, ಸೆಪ್ಟೆಂಬರ್, ಡಿಸೆಂಬರಿನಲ್ಲಿ ಎಲ್ಲ ಎಳೆ ಗಿಡಕ್ಕೂ ಇದು ಆಗಬೇಕು. ಬಟ್ಟೆಗೆ ಇಡೋ ನುಸಿ ಗುಳಿಗೆಯೂ (ನ್ಯಾಫ್ತಲೀನ್) ನಡೆಯುತ್ತೆ, ಅದೇ ಗರಿ ಸಂದಿಗೆ ಗಿಡಕ್ಕೆ ಮೂರು ನಾಲ್ಕು ಇಟ್ಟು ಮೇಲೆ ಮರಳು ಮುಚ್ಚಬೇಕು. ಆದರೆ ಆವಿಯಾಗಿ ಹೋಗುತ್ತೆ, ನಲವತ್ತೈದು ದಿನಕ್ಕೊಮ್ಮೆ ಮತ್ತೆ ಇಡೋ ಶಿಸ್ತು ನನಗಂತೂ ಇಲ್ಲ. ಹಸಿ ಗರಿ ಕಡಿಯಲೇಬೇಕಾದರೆ ಕಾಂಡಕ್ಕೆ ಅಂಟಿಸಿ ಕಡಿಯಬೇಡಿ, ನಾಲ್ಕು ಅಡಿ ದಂಟು ಬಿಡಿ. ನುಣ್ಣಗೆ ಬೋಳಿಸಿದ ಗಿಡ ನೋಡೋಕೆ ಚೆಂದ, ಕೆಂಪು ಮೂತಿಗೂ ಚೆಂದ.

ವಾಸನೆಯಿಂದ ಹುಳ ಸೆಳೆಯೋ ಬಕೆಟಿನ ಮೋಹಕ ಬಲೆ ಕಟ್ಟಲೇ ಅಂತಲೂ ಕೇಳಿದ್ದೀರಿ. ಸುತ್ತಲಿನ ನಾಲ್ಕೈದು ತೋಟದವರು ಸೇರಿ ಕಟ್ಟೋದಾದರೆ ಕಟ್ಟಿ, ಎಳೆ ಗಿಡದಿಂದ ದೂರ. ನೀವೊಬ್ಬರೇ ತೋಟದ ನಡುವೆ ಕಟ್ಟಿದರೆ ಪಕ್ಕದವರ ಹುಳಕ್ಕೆಲ್ಲ ನಿಮ್ಮ ತೋಟದ ದಾರಿ ತೋರಿಸಿದ ಹಾಗೆ, ಬಂದವೆಲ್ಲ ಬಕೆಟಿಗೇ ಬೀಳಲ್ಲ. ಕುರುವಾಯಿಗೆ ಮಡಕೆಯೇ ಸಾಕು: ಒಂದು ಕೆ.ಜಿ. ಹರಳು ಹಿಂಡಿ ಐದು ಲೀಟರ್ ನೀರಲ್ಲಿ ನೆನೆಹಾಕಿ ಬದುವಿನ ಮೇಲಿಟ್ಟರೆ ವಾಸನೆಗೆ ಬಂದು ಬಿದ್ದು ಸಾಯ್ತವೆ. ನಾರುತ್ತೆ, ಮನೆ ಹತ್ತಿರ ಮಾತ್ರ ಬೇಡ.

ನಿಜವಾದ ಕೆಲಸ ತಿಪ್ಪೆಯಲ್ಲಿದೆ. ಮುಂಗಾರಿನಲ್ಲಿ ದುಂಬಿ ಹಾವಳಿ ಜೋರು, ಅಷ್ಟರೊಳಗೆ ತಿಪ್ಪೆ ಮಗುಚಿ ಹಾಕಿ. ಹೆಬ್ಬೆರಳು ದಪ್ಪದ, ಕಂದು ತಲೆಯ ಗೊಣ್ಣೆಹುಳ ಸುರುಳಿ ಸುತ್ತಿಕೊಂಡು ಉರುಳ್ತವೆ. ನಮ್ಮಲ್ಲಿ ಗುದ್ದಲಿ ಸದ್ದಿಗೇ ಕೋಳಿ ಓಡಿ ಬರ್ತವೆ, ಆರಿಸೋ ಕೆಲಸ ಅವುಗಳದ್ದೇ. ಆಮೇಲೆ ಮೆಟಾರೈಜಿಯಂ ಶಿಲೀಂಧ್ರವನ್ನು ನೀರಲ್ಲಿ ಕಲಸಿ ತಿಪ್ಪೆಗೆ ಸುರಿದು ತೇವ ಆರದಂತೆ ನೋಡಿಕೊಳ್ಳಿ. ಅದು ತಗುಲಿದ ಹುಳ ಸೆಟೆದು ಹಸಿರು ಬೂಸ್ಟು ಹಿಡಿಯುತ್ತೆ. ಅದರ ಜೊತೆ ಶಿಲೀಂಧ್ರನಾಶಕ ಬೆರೆಸಿದರೆ ದುಡ್ಡು ದಂಡ. ಎಲ್ಲಿ ಸಿಗುತ್ತೆ ಅಂತ ತಿಪಟೂರಿನ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಅರ್ಧ ಕೊಳೆತ ಗೊಬ್ಬರವನ್ನು ಹುಳದ ಸಮೇತ ಗಿಡದ ಪಾತಿಗೆ ಸುರಿಯಬೇಡಿ. ಸತ್ತ ತೆಂಗಿನ ಬೊಡ್ಡೆ ಬದುವಿನಲ್ಲಿ ಬಿದ್ದಿದ್ದರೆ ಸೀಳಿ ಸುಡಿ, ಕೊಳೆತ ಬೊಡ್ಡೆಯೂ ಕುರುವಾಯಿಗೆ ತಿಪ್ಪೆಯೇ.

ಕೊನೆಯಲ್ಲಿ, ಎರಡು ಗಿಡದ ನಡುಗರಿ ಹಳದಿಯಾಗ್ತಿದೆ ಅಂತ ಒಂದು ಸಾಲು ಬರೆದುಬಿಟ್ಟಿದ್ದೀರಿ. ನನ್ನ ಪ್ರಕಾರ ಅದನ್ನೇ ಮೊದಲು ಬರೀಬೇಕಿತ್ತು, ಅದು ಕೆಂಪು ಮೂತಿಯ ಗುರುತಿರಬಹುದು. ಗಾಳಿ ಇಲ್ಲದ ಹೊತ್ತಲ್ಲಿ ಕಾಂಡಕ್ಕೆ ಕಿವಿ ಒತ್ತಿ, ಒಳಗೆ ಕರಕರ ಅಗಿಯೋ ಸದ್ದು ಕೇಳುತ್ತಾ ನೋಡಿ. ಕಂದು ಅಂಟುರಸ ಸೋರೋ ತೂತು ಇದೆಯಾ ನೋಡಿ. ಇದ್ದರೆ ಮೇಲಿನದೊಂದು ಬಿಟ್ಟು ಉಳಿದ ತೂತೆಲ್ಲ ಜೇಡಿಮಣ್ಣಲ್ಲಿ ಮುಚ್ಚಿ, ಲೀಟರ್ ನೀರಿಗೆ 1 ಮಿ.ಲೀ. ಇಮಿಡಾಕ್ಲೋಪ್ರಿಡ್ ಕೀಟನಾಶಕ ಕಲಸಿ, ಮೇಲಿನ ತೂತಿಗೆ ಆಲಿಕೆ ಇಟ್ಟು ಒಂದೆರಡು ಲೀಟರ್ ಇಳಿಸಿ ಅದನ್ನೂ ಮುಚ್ಚಿ. ವಾರ ಬಿಟ್ಟು ಮತ್ತೆ ಕಿವಿ ಒತ್ತಿ. ಸುಳಿ ಆಗಲೇ ಅಲ್ಲಾಡ್ತಿದ್ದರೆ ಔಷಧಿಗೆ ದುಡ್ಡು ಹಾಕಬೇಡಿ, ಕಡಿದು ಸೀಳಿ ಅವತ್ತೇ ಸುಟ್ಟುಬಿಡಿ, ಒಳಗಿನ ಹುಳ ಹಾರೋ ಮುಂಚೆ. ಉಳಿದ ಗಿಡಗಳ ಹಿಂಡಿ ಎರಡು ದಿನ ತಡವಾದರೂ ನಡೆಯುತ್ತೆ, ಆ ಎರಡನ್ನು ಇವತ್ತೇ ನೋಡಿ.