ಆಯಾ ಕಾಲಕ್ಕೆ ಬರೋದನ್ನೇ ಬೆಳೆಯಿರಿ

ಮೈಸೂರಿನಲ್ಲಿ ಬಾಡಿಗೆ ಮನೆ, ಚಿಕ್ಕ ತಾರಸಿ, ಬೇಸಿಗೆಯಲ್ಲಿ ಗಿಡಗಳೆಲ್ಲ ಒಣಗಿದವು, ವರ್ಷಪೂರ್ತಿ ಕೈತೋಟದ ಖುಷಿ ಸಿಗೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಊರಿನವಳು, ನನ್ನದೂ ತಾರಸಿ ತೋಟವೇ. ಎಲ್ಲ ಕಾಲಕ್ಕೂ ಎಲ್ಲವೂ ಬೇಕು ಅನ್ನೋದನ್ನು ಮೊದಲು ಬಿಡಿ. ಆಯಾ ಕಾಲಕ್ಕೆ ಬರೋದನ್ನು ಹಾಕಿ, ಅದನ್ನೇ ಅಡುಗೆ ಮಾಡಿ. ಖರ್ಚು ತಾನಾಗಿ ಇಳಿಯುತ್ತದೆ, ಮನಸ್ಸಿಗೂ ನೆಮ್ಮದಿ.

ಏಪ್ರಿಲ್‌ನಲ್ಲಿ ಬಿಸಿಲು 35 ಡಿಗ್ರಿ ದಾಟಿದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ಕೊತ್ತಂಬರಿ ಸರಿಯಾಗಿ ಎಲೆ ಬಿಡುವ ಮೊದಲೇ ಹೂವಿಗೆ ಬರುತ್ತದೆ. ಎಷ್ಟು ನೀರು ಹಾಕಿದರೂ ಅಷ್ಟೇ. ಆಗ ಬಸಳೆ, ದಂಟು, ದೊಡ್ಡಪತ್ರೆ ಸಾಕು. ದಂಟಿನ ಸೊಪ್ಪಿನ ಬಸ್ಸಾರು, ಮುದ್ದೆ ಇದ್ದರೆ ಇನ್ನೇನು ಬೇಕು ಹೇಳಿ! ಕುಂಡದ ಮಣ್ಣಿನ ಮೇಲೆ ಒಣಗಿದ ಎಲೆ ದಪ್ಪಗೆ ಹೊದಿಸಿ, ಬೆಳಿಗ್ಗೆ ಬೇಗ ನೀರು ಹಾಕಿ. ಅಕ್ಕಿ, ಬೇಳೆ ತೊಳೆದ ನೀರನ್ನು ಸುಮ್ನೆ ಚೆಲ್ಲಬೇಡಿ.

ನಮ್ಮ ಕಡೆ ಮುಂಗಾರಿಗಿಂತ ಮೇ ತಿಂಗಳ ಗುಡುಗು ಮಳೆಯೇ ಜೋರು. ಅದು ಬಿದ್ದ ಮೇಲೆ ಬೆಂಡೆ, ಹೀರೆ, ಬದನೆ ಹಾಕಿ. ಆಷಾಢದಲ್ಲಿ ಮಳೆಗಿಂತ ಗಾಳಿಯ ಕಾಟ ಜಾಸ್ತಿ, ಬಳ್ಳಿಗೆ ಕೋಲು ಕಟ್ಟಿರಿ. ಸೇವಂತಿಗೆ ಸಸಿ ನೆಡೋದೂ ಆಗಲೇ.

ನನಗೆ ಎಲ್ಲಕ್ಕಿಂತ ಪ್ರೀತಿ ಅವರೆ. ನಾಟಿ ಬೀಜ ಹುಡುಕಿ ಶ್ರಾವಣದಲ್ಲಿ ಹಾಕಿ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾಗುವ ತನಕ ಅದು ಹೂ ಬಿಡೋದಿಲ್ಲ. ಬೇಗ ಹಾಕಿದರೆ ಬರೀ ಬಳ್ಳಿ ಹಬ್ಬುತ್ತದೆ. ಹೂ ಬರುವಾಗ ಎಳೆ ಕುಡಿಗೆ ಕರಿ ಹೇನು ಮುತ್ತುತ್ತದೆ. ತಕ್ಷಣ ಔಷಧಿ ಹೊಡೆಯಬೇಡಿ. ನೀರನ್ನು ಜೋರಾಗಿ ಚಿಮ್ಮಿಸಿ, ಆಮೇಲೆ ಕೆಲವು ದಿನ ನೋಡಿ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿ ಇರುವ ಗುಲಗಂಜಿ ಹುಳು ಬಂತೆಂದರೆ ಅದೇ ಹೇನು ತಿಂದು ಮುಗಿಸುತ್ತದೆ. ಡಿಸೆಂಬರ್ ಬೆಳಿಗ್ಗೆ ಮಂಜಿನಲ್ಲಿ ಕಾಯಿ ಕಿತ್ತರೆ ಬೆರಳಿಗೆ ಜಿಡ್ಡು ಹತ್ತುತ್ತದೆ, ಅದೇ ಸೊಗಡು. ಕೈ ತೊಳೆದರೂ ಬೇಗ ಹೋಗುವುದಿಲ್ಲ. ಎರಡು ಡ್ರಮ್ಮಿನ ಬಳ್ಳಿಯಲ್ಲಿ ಆಗಾಗ ಸಾರಿಗೆ, ಉಪ್ಪಿಟ್ಟಿಗೆ ಆಗುತ್ತದೆ. ಹಿತಕಿದ ಅವರೆಗೆ ಮಾತ್ರ ಸಾಲೋದಿಲ್ಲ, ಅದಕ್ಕೆ ದೇವರಾಜ ಮಾರುಕಟ್ಟೆಯಿಂದಲೇ ತನ್ನಿ. ಕಡೆಯ ಕಾಯಿಗಳನ್ನು ಕೀಳದೆ ಬಳ್ಳಿಯಲ್ಲೇ ಒಣಗಲು ಬಿಡಿ, ಮುಂದಿನ ಶ್ರಾವಣಕ್ಕೆ ಬೀಜ ಕೊಳ್ಳಬೇಕಾಗಿಲ್ಲ.

ಮಲ್ಲಿಗೆ ಇದ್ದರೆ ಚಳಿಗಾಲದಲ್ಲಿ ಧೈರ್ಯವಾಗಿ ಕೊಂಬೆ ಕತ್ತರಿಸಿ, ಗೊಬ್ಬರ ಕೊಡಿ. ಬೋಳಾದ ಗಿಡ ನೋಡಿ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಬೇಸಿಗೆಯ ಮೊಗ್ಗು ಬರೋದು ಆ ಹೊಸ ಚಿಗುರಿನಲ್ಲೇ ಅಲ್ವಾ? ತರಕಾರಿ ಕಡಿಮೆಯಾಗುವ ಹೊತ್ತಿಗೆ ಮಲ್ಲಿಗೆ ಶುರುವಾಗುತ್ತದೆ. ಹೂವಿನ ಬಗ್ಗೆ ಆಸೆ ಇದ್ದರೆ ದಸರಾ ಹೊತ್ತಲ್ಲಿ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬನ್ನಿ.

ಬಾಡಿಗೆ ಮನೆ ಅಂದಿರಿ, ಹಾಗಾಗಿ ಸಿಮೆಂಟ್ ಕುಂಡ ಬೇಡ. ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಚೀಲ ತಗೊಳ್ಳಿ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮ ಸಮ ಬೆರೆಸಿದರೆ ಭಾರವೂ ಕಡಿಮೆ, ಮನೆ ಬದಲಿಸುವಾಗ ಎತ್ತಿಕೊಂಡು ಹೋಗಬಹುದು. ಅಡಿಗೆ ಇಟ್ಟಿಗೆ ಇಟ್ಟು ಎತ್ತರಿಸಿ, ನೀರು ನಿಂತು ತಾರಸಿ ಸೋರಿದರೆ ಓನರ್ ಮೊದಲು ತೆಗೆಸೋದೇ ತೋಟವನ್ನು.