ಡಿಸ್ಕಿನಲ್ಲಿಲ್ಲದ ಡ್ರೈವರ್

ಪ್ರಶ್ನೆ: ವಿಂಡೋಸ್‌ನ ಡ್ರೈವರ್ (ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶ) ಪಟ್ಟಿಯಲ್ಲಿ ‘ಡಂಪ್_’ ಎಂದು ಆರಂಭವಾಗುವ ಹೆಸರುಗಳಿವೆ, ಹುಡುಕಿದರೆ ಆ ಕಡತಗಳೇ ಇಲ್ಲ. ಇವು ರೂಟ್‌ಕಿಟ್‌ಗಳೇ (ಕಣ್ಣಿಗೆ ಬೀಳದಂತೆ ಅಡಗಿಕೊಳ್ಳುವ ಕುತಂತ್ರಾಂಶಗಳೇ)?
– ಓದುಗರೊಬ್ಬರು, ಮಂಡ್ಯ

ಉತ್ತರ: ಬಹುಮಟ್ಟಿಗೆ ಅಲ್ಲ. ಕಂಪ್ಯೂಟರ್ ಕುಸಿದುಬಿದ್ದಾಗ ಸ್ಮೃತಿಯಲ್ಲಿದ್ದುದನ್ನು (ಮೆಮೊರಿ) ಡಿಸ್ಕಿಗೆ ಬರೆದಿಡಲೆಂದು ವಿಂಡೋಸ್ ತನ್ನ ಡಿಸ್ಕ್ ಡ್ರೈವರಿನ ಒಂದು ನಕಲನ್ನು ಈ ಹೆಸರಿನಲ್ಲಿ ಸ್ಮೃತಿಯಲ್ಲೇ ಸಿದ್ಧವಾಗಿಟ್ಟುಕೊಳ್ಳುವುದರಿಂದ, ಅದಕ್ಕೆ ಪ್ರತ್ಯೇಕ ಕಡತವಿರುವುದಿಲ್ಲ. ‘ಡಂಪ್_’ ತೆಗೆದ ಮೇಲೆ ಉಳಿಯುವ ಹೆಸರು ನಿಮ್ಮ ಡಿಸ್ಕ್ ಡ್ರೈವರಿನದೇ ಆಗಿದ್ದು, ಆ ಮೂಲ ಕಡತದ ಡಿಜಿಟಲ್ ಸಹಿ (ಕಡತ ಅಸಲಿಯೆಂದು ದೃಢಪಡಿಸುವ ಗುರುತು) ಸರಿಯಿದ್ದರೆ ದಯವಿಟ್ಟು ಏನನ್ನೂ ಅಳಿಸಬೇಡಿ.

ರೂಟ್‌ಕಿಟ್‌ನ ಸ್ವಭಾವವೇ ಬೇರೆ: ಅದು ಡಿಸ್ಕಿನಲ್ಲಿರುವುದನ್ನೇ ಇಲ್ಲವೆಂದು ವ್ಯವಸ್ಥೆಯಿಂದ ಹೇಳಿಸುತ್ತದೆ. 2005ರಲ್ಲಿ ಸೋನಿ ಬಿಎಂಜಿಯ ಸಂಗೀತ ಸಿ.ಡಿ.ಗಳ ಮೂಲಕ ಸೇರಿಕೊಂಡ ತಂತ್ರಾಂಶವು ‘$ಸಿಸ್$’ ಎಂದು ಆರಂಭವಾಗುವ ಕಡತಗಳನ್ನೆಲ್ಲ ಹೀಗೆಯೇ ಮರೆಮಾಚುತ್ತಿತ್ತು. ಅನುಮಾನ ಉಳಿದರೆ, ವಿಂಡೋಸ್ ಚಾಲನೆಯಲ್ಲಿರದಾಗಲೇ ತಪಾಸಣೆ ನಡೆಸುವ, ವಿಂಡೋಸ್‌ನದೇ ಭದ್ರತಾ ತಂತ್ರಾಂಶವಾದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಬಳಸಿರಿ.